ಹುಳಿ ಕುಡಿದ ಬಾಯಿಗೆ ಕೂಡಲೇ ಬ್ರಷ್ ಬೇಡ

ಎದ್ದೊಡನೆ ಬಿಸಿನೀರಿಗೆ ನಿಂಬೆ ಹಿಂಡಿ, ಜೇನು ಬೆರೆಸಿ ಕುಡಿಯುವ ಅಭ್ಯಾಸ ಈಗ ಎಷ್ಟೋ ಮನೆಗಳಲ್ಲಿದೆ. ತೂಕ ಇಳಿಯಲಿ ಎಂಬ ಆಸೆ. ಲೋಟ ಕೆಳಗಿಟ್ಟವರೇ ಹಲ್ಲುಜ್ಜಲು ಹೋಗುತ್ತಾರೆ. ಹಲ್ಲಿಗೆ ಪೆಟ್ಟು ಬೀಳುವುದು ಈ ಆತುರದಲ್ಲೇ.

ಹಲ್ಲಿನ ಹೊರಪದರ ಎನಾಮಲ್, ನಮ್ಮ ದೇಹದಲ್ಲೇ ಅತಿ ಗಟ್ಟಿಯಾದದ್ದು. ತೂಕದಲ್ಲಿ ಶೇ 96ರಷ್ಟು ಖನಿಜ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿದ ಹರಳುಗಳು. ದವಡೆ ಹಲ್ಲಿನ ತುದಿಯಲ್ಲಿ ಸುಮಾರು 2.5 ಮಿಲಿಮೀಟರ್ ದಪ್ಪ, ವಸಡಿನತ್ತ ಬಂದಂತೆ ತೀರಾ ತೆಳು. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗೀರಿದ ಚರ್ಮ ಮಾಯುತ್ತದೆ. ಎನಾಮಲ್‌ಗೆ ಆ ಭಾಗ್ಯವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವಷ್ಟರಲ್ಲಿ ಅಳಿದುಹೋಗಿರುತ್ತವೆ.

ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಹರಳುಗಳು ಕರಗತೊಡಗುತ್ತವೆ. ನಿಂಬೆರಸದ್ದು 2ರಿಂದ 2.5, ಕೋಲಾದ್ದೂ 2.5ರ ಆಸುಪಾಸು. ಸಕ್ಕರೆಯಿಲ್ಲದ ಕೋಲಾ ಎಂದು ಸಮಾಧಾನಪಡುವಂತಿಲ್ಲ. ಹುಳುಕಿನ ಭಯ ತಗ್ಗೀತು, ಆಮ್ಲ ಹಾಗೆಯೇ ಉಳಿಯುತ್ತದೆ. ಹುಳುಕಿನಲ್ಲಿ ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಮ್ಲ ತಯಾರಿಸಿದರೆ, ಇಲ್ಲಿ ನಾವೇ ಅದನ್ನು ಹಲ್ಲಿನ ಮೇಲೆ ಸುರಿಯುತ್ತೇವೆ. ಒಂದೇ ಬಾಟಲಿಯನ್ನು ಗಂಟೆಗಟ್ಟಲೆ ಗುಟುಕರಿಸುತ್ತಾ ಕೂರುವುದು ಇನ್ನೂ ಕೆಟ್ಟದ್ದು.

ಕಾಪಾಡುವುದು ಜೊಲ್ಲು. ಅದು ಆಮ್ಲವನ್ನು ತಣಿಸಿ, ಮೆತ್ತಗಾದ ಪದರಕ್ಕೆ ಕ್ಯಾಲ್ಸಿಯಂ ಮರಳಿಸುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಅಷ್ಟರೊಳಗೆ ಬ್ರಷ್ ಆಡಿಸಿದರೆ ಮೆತ್ತಗಾದದ್ದು ಉಜ್ಜಿಹೋಗುತ್ತದೆ. ನಿದ್ದೆಯಲ್ಲಿ ಜೊಲ್ಲು ಒಸರುವುದು ಬಹಳ ಕಡಿಮೆ. ಮಲಗುವ ಮುಂಚಿನ ಸೋಡಾ ಅದಕ್ಕೇ ಹೆಚ್ಚು ಹಾನಿಕರ.

ನನಗೆ ಅತ್ಯಂತ ಸಂಕಟವೆನಿಸುವುದು ಇದರ ಮುಂದಿನ ಹಂತ. ಎನಾಮಲ್ ತೆಳುವಾದಂತೆ ಒಳಗಿನ ಹಳದಿ ಡೆಂಟಿನ್ ಕಾಣಿಸುತ್ತದೆ. ಕೊಳೆ ಎಂದುಕೊಂಡು ಜನ ಇನ್ನೂ ಬಿರುಸಾಗಿ ತಿಕ್ಕುತ್ತಾರೆ. ಇದ್ದಿಲು, ಉಪ್ಪು, ಇಟ್ಟಿಗೆಪುಡಿಯನ್ನೂ ಬಿಡುವುದಿಲ್ಲ. ತಿಕ್ಕಿದಷ್ಟೂ ಹಳದಿ ಹೆಚ್ಚುತ್ತದೆ. ಆಮೇಲೆ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ.

ನಿಂಬೆನೀರು ಬಿಡಲೇಬೇಕೆಂದಿಲ್ಲ. ಮೊದಲು ಹಲ್ಲುಜ್ಜಿ, ಆಮೇಲೆ ಕುಡಿಯಿರಿ. ಬಾಯಲ್ಲಿ ಆಡಿಸದೆ ನುಂಗಿ, ಬರಿಯ ನೀರಿನಿಂದ ಮುಕ್ಕಳಿಸಿ. ಹುಳಿ ಕುಡಿದ ಮೇಲೆ ಉಜ್ಜುವುದಾದರೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಮೆತ್ತನೆಯ ಎಳೆಗಳ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಹಗುರ ಕೈ ಸಾಕು. ಕೆಲವೇ ವಾರಗಳಲ್ಲಿ ಬ್ರಷ್ಷಿನ ಎಳೆಗಳು ಹರಡಿಕೊಂಡಿದ್ದರೆ ನೀವು ಒತ್ತಿ ಉಜ್ಜುತ್ತಿದ್ದೀರಿ ಎಂದೇ ಅರ್ಥ.