ಸತ್ತಿತೆಂದುಕೊಂಡ ಕಂಪ್ಯೂಟರ್ ಬೀಪ್ ಅಂದಿತು

ಬೆಂಗಳೂರಿನ ಎಸ್.ಪಿ. ರಸ್ತೆಯ ಮಹಡಿ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸವೇ ನನ್ನನ್ನು ಬೆರಗುಗೊಳಿಸಿತು. ಕಂಪ್ಯೂಟರಿನ ಎರಡೂ ರ‍್ಯಾಮ್ ಪಟ್ಟಿಗಳನ್ನು ಕಿತ್ತು ಪಕ್ಕಕ್ಕಿಟ್ಟು, ಬೇಕೆಂದೇ ರ‍್ಯಾಮ್ ಇಲ್ಲದೆ ಸ್ವಿಚ್ ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಆದರೆ ಕ್ಯಾಬಿನೆಟ್ಟಿನ ಒಳಗಿಂದ ಉದ್ದನೆಯ ಬೀಪ್, ತುಸು ಬಿಡುವು, ಮತ್ತೆ ಬೀಪ್. ‘ಬೋರ್ಡಿಗೆ ಜೀವ ಇದೆ, ಪ್ರೊಸೆಸರೂ ಓಡ್ತಿದೆ’ ಎಂದರು ಅವರು.

ವಿಂಡೋಸ್ ಎಕ್ಸ್‌ಪಿ ಕಾಲದ ಆ ಪೆಂಟಿಯಮ್ 4 ಯಂತ್ರ ನನ್ನ ಚಿಕ್ಕಪ್ಪನದು. ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಅಷ್ಟೇ. ಮೊದಲು ನೋಡಿದವರು ಗುಜರಿಗೆ ಹಾಕಿ ಎಂದಿದ್ದರು. ಒಳಗೆ ಚಿಕ್ಕಪ್ಪ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ ಲೇಖನಗಳಿದ್ದವು.

ಆ ಬೀಪ್ ಸುಮ್ಮನೆ ಬರುವ ಸದ್ದಲ್ಲ. ಸ್ವಿಚ್ ಒತ್ತಿದಾಗ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಡಬ್ಬಿ ತನ್ನ ವೋಲ್ಟೇಜುಗಳು ಸ್ಥಿರವಾಗುವವರೆಗೆ ಪ್ರೊಸೆಸರನ್ನು ತಡೆದಿಡುತ್ತದೆ. ಎಲ್ಲ ಸರಿಯಿದೆ ಎಂಬ ಸಂಕೇತ ಹೋದ ಮೇಲೆಯೇ ಪ್ರೊಸೆಸರ್ ಯಂತ್ರವನ್ನು ಎಬ್ಬಿಸುವ ತಂತ್ರಾಂಶವಿರುವ ಬಯಾಸ್ ಚಿಪ್ಪಿನಿಂದ ಮೊದಲ ಆದೇಶ ಓದುತ್ತದೆ. ಆಮೇಲೆ ಮೆಮೊರಿ, ಡಿಸ್‌ಪ್ಲೇ, ಕೀಬೋರ್ಡುಗಳ ತಪಾಸಣೆ. ಡಿಸ್‌ಪ್ಲೇ ಏಳುವ ಮೊದಲೇ ದೋಷ ಕಂಡರೆ ಅದನ್ನು ಹೇಳಲು ಯಂತ್ರಕ್ಕಿರುವ ದಾರಿ ಕ್ಯಾಬಿನೆಟ್ಟಿನೊಳಗಿನ ಪುಟ್ಟ ಸ್ಪೀಕರ್ ಮಾತ್ರ. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲೇ ಈ ವ್ಯವಸ್ಥೆ ಇತ್ತು. ಎಲ್ಲ ಸರಿಯಿದ್ದರೆ ಒಂದು ಚಿಕ್ಕ ಬೀಪ್.

ಒಂದೊಂದು ಬಯಾಸ್ ಕಂಪನಿಯದು ಒಂದೊಂದು ಸಂಕೇತ. ಅವಾರ್ಡ್ ಬಯಾಸ್‌ನಲ್ಲಿ ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ರ‍್ಯಾಮ್ ಸಿಕ್ಕಿಲ್ಲ ಎಂದು. ಒಂದು ಉದ್ದ, ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ದೋಷ. ಎಎಂಐ ಆದರೆ ಮೂರು ಗಿಡ್ಡ ಬೀಪ್ ಮೊದಲ 64 ಕೆಬಿ ಮೆಮೊರಿಯ ದೋಷಕ್ಕೆ, ಎಂಟು ಡಿಸ್‌ಪ್ಲೇ ಮೆಮೊರಿಗೆ. ಫೀನಿಕ್ಸ್ ಇನ್ನೂ ಸೊಗಸು: ಒಂದು, ಮೂರು, ಒಂದು, ಒಂದು ಎಂದು ಗುಂಪು ಗುಂಪಾಗಿ ಬಿಟ್ಟು ಬಿಟ್ಟು ಕೂಗುತ್ತದೆ. ಈಗಿನ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಆ ಸ್ಪೀಕರೇ ಇಲ್ಲ. ಅದರ ಬದಲು ಕೆಲವು ಬೋರ್ಡುಗಳ ಮೂಲೆಯಲ್ಲಿ ದೋಷ ತೋರಿಸುವ ನಾಲ್ಕು ಪುಟ್ಟ ದೀಪಗಳಿವೆ. ಮುಚ್ಚಿದ ಕ್ಯಾಬಿನೆಟ್ಟಿನೊಳಗೆ ಮಿನುಗುವ ದೀಪ ಯಾರಿಗೆ ಕಾಣಬೇಕು? ಹಳೆಯ ವ್ಯವಸ್ಥೆಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ರ‍್ಯಾಮ್ ಇಲ್ಲದೆ ಕೂಗಿದ ಯಂತ್ರ ರ‍್ಯಾಮ್ ಹಾಕಿದೊಡನೆ ಮೂಕವಾದರೆ ದೋಷ ಎಲ್ಲಿದೆ ಎಂಬುದು ಅರ್ಧ ತಿಳಿದಂತೆಯೇ. ಮೆಕ್ಯಾನಿಕ್ ಪಟ್ಟಿಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸ್ಲಾಟಿನ ಧೂಳು ತೆಗೆದು, ಒಂದೊಂದನ್ನೇ ಬೇರೆ ಬೇರೆ ಸ್ಲಾಟಿನಲ್ಲಿ ಹಾಕಿ ನೋಡಿದರು. ಒಂದು ಪಟ್ಟಿ ಕೆಟ್ಟಿತ್ತು. ಇನ್ನೊಂದರಲ್ಲಿ ಗಿಡ್ಡ ಬೀಪ್ ಕೇಳಿಸಿತು, ಪರದೆ ಬೆಳಗಿತು.

ಆಗ ಬಂತು ‘ಸಿಮಾಸ್ ಚೆಕ್‌ಸಮ್ ಎರರ್’. ತಾರೀಕು, ಸೆಟ್ಟಿಂಗುಗಳನ್ನು ಉಳಿಸುವ ಸಿಮಾಸ್ ಮೆಮೊರಿಗೆ ಕರೆಂಟು ಕೊಡಲು ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಇರುತ್ತದೆ. ಅದು ಬರಿದಾದರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಯಾವ ಡಿಸ್ಕಿನಿಂದ ಬೂಟ್ ಆಗಬೇಕೆಂಬ ಸೆಟ್ಟಿಂಗೂ ಅಳಿಸಬಹುದು. ಬ್ಯಾಟರಿ ಬದಲಿಸಿ ತಾರೀಕು ತಿದ್ದಿದ ಮೇಲೆ ವಿಂಡೋಸ್ ತೆರೆಯಿತು.

ಬೋರ್ಡಿನ ಕೆಪಾಸಿಟರುಗಳನ್ನೂ ಅವರು ಟಾರ್ಚ್ ಬಿಟ್ಟು ನೋಡಿದರು. 2000ರ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರುಗಳಿಂದ ಜಗತ್ತಿನಾದ್ಯಂತ ಮದರ್‌ಬೋರ್ಡುಗಳು ಹಾಳಾದವು. ತಲೆ ಉಬ್ಬಿದ್ದರೆ, ಕಂದು ದ್ರವ ಜಿನುಗಿದ್ದರೆ ಅವನ್ನು ಬದಲಿಸಲೇಬೇಕು. ನಮ್ಮ ಬೋರ್ಡಿನಲ್ಲಿ ಎಲ್ಲವೂ ಚಪ್ಪಟೆಯಾಗಿದ್ದವು.

ಮನೆಯಲ್ಲಿ ನೀವೂ ಇಷ್ಟನ್ನು ಮಾಡಬಹುದು. ಪ್ಲಗ್ ಕಿತ್ತ ಮೇಲೆಯೇ ಕ್ಯಾಬಿನೆಟ್ ಬಿಚ್ಚಿ. ಲೋಹದ ಚೌಕಟ್ಟು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಬಿಟ್ಟು ಆಮೇಲೆ ರ‍್ಯಾಮ್ ಹಿಡಿಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟಿನ ಕರೆಂಟಿಗೆ ಅದರೊಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಹಾರ್ಡ್ ಡಿಸ್ಕ್ ಟಕಟಕ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡದೆ ಬಲ್ಲವರಿಗೆ ಕೊಡಿ.

ಯಂತ್ರ ಎದ್ದೊಡನೆ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳು ಯೂನಿಕೋಡ್‌ನಲ್ಲಿಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಆದ್ದರಿಂದ ಫಾಂಟನ್ನೂ ಜೊತೆಗಿಟ್ಟುಕೊಂಡು, ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಕನ್ನಡದ ಎಷ್ಟೋ ಬರಹ ಹೀಗೆ ಅಟ್ಟದ ಮೇಲಿನ ಕಂಪ್ಯೂಟರುಗಳಲ್ಲಿ ಕೂತಿದೆ. ನಿಮ್ಮ ಮನೆಯಲ್ಲೂ ಅಂಥದೊಂದಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ರ‍್ಯಾಮ್ ಕಿತ್ತು ಸ್ವಿಚ್ ಒತ್ತಿ ನೋಡಿ.