ಗುಡ್ಡದ ಮೇಲಿನ ಪೆಟ್ಟಿಗೆ ಮಾತು ನಿಲ್ಲಿಸಿದಾಗ

ಗಾಳಿ, ಮಳೆ, ತೇವಾಂಶ, ತೊರೆಯ ನೀರಿನ ಮಟ್ಟ ಇವನ್ನು ಜನವಸತಿಯಿಲ್ಲದ ಕಡೆ ನಿಂತು ಅಳೆದು, ಅಳತೆಯನ್ನು ಊರಿಗೆ ಕಳಿಸುವ ಉಪಕರಣಗಳಲ್ಲಿ ಅನೇಕವು ಮೊಬೈಲ್ ಜಾಲವನ್ನೇ ನೆಚ್ಚಿಕೊಂಡಿವೆ. ಪೆಟ್ಟಿಗೆಯೊಳಗೆ ಒಂದು ಮೋಡೆಮ್, ಒಂದು ಸಿಮ್, ಒಂದು ಬ್ಯಾಟರಿ. ಹೊರಗೆ ಆಂಟೆನಾ ಮತ್ತು ಸೋಲಾರ್ ಫಲಕ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಗುಡ್ಡಗಳಲ್ಲಿ ಇಂಥ ಪೆಟ್ಟಿಗೆಗಳು ಬಹಳ. 2017ರ ಅಕ್ಟೋಬರಿನಲ್ಲಿ ನಾಪಾ ಮತ್ತು ಸೊನೋಮಾ ಕೌಂಟಿಗಳನ್ನು ಸುಟ್ಟ ಕಾಡ್ಗಿಚ್ಚಿನ ನಂತರ ಅಲ್ಲಿನ ವಿದ್ಯುತ್ ಕಂಪನಿ ಪಿಜಿ ಅಂಡ್ ಇ ತನ್ನ ಸೇವಾವಲಯದ ಉದ್ದಗಲಕ್ಕೂ ಹವಾಮಾನ ಕೇಂದ್ರಗಳನ್ನು ನಿಲ್ಲಿಸುತ್ತ ಬಂತು. ಅವುಗಳ ಸಂಖ್ಯೆ ಈಗ 1,300 ದಾಟಿದೆ. ಬಿರುಗಾಳಿ ಬೀಸುವಾಗ ಯಾವ ಮಾರ್ಗದ ವಿದ್ಯುತ್ ನಿಲ್ಲಿಸಬೇಕು ಎಂಬ ತೀರ್ಮಾನಕ್ಕೆ ಈ ಅಳತೆಗಳು ಆಧಾರ.

ಕನ್ನಡ ನಾಡಿಗೂ ಇದು ಹೊಸದಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳೂ ಬಿಸಿಲಿನಿಂದ ಶಕ್ತಿ ಪಡೆದು, 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದಲ್ಲೇ ಲೆಕ್ಕ ಒಪ್ಪಿಸುತ್ತವೆ. ಮಳೆಮಾಪಕ ಸೊನ್ನೆ ಕಳಿಸಿದರೆ ಮಳೆ ಬಂದಿಲ್ಲವೆಂದು ತಿಳಿಯುತ್ತದೆ. ಏನನ್ನೂ ಕಳಿಸದಿದ್ದರೆ ಅಲ್ಲಿ ಹನಿ ಬಿದ್ದಿಲ್ಲವೋ ಪ್ರವಾಹವೇ ಬಂದಿದೆಯೋ ಯಾರಿಗೂ ತಿಳಿಯದು. ಹಾಗಾಗಿ ಮೌನವಾದ ಪೆಟ್ಟಿಗೆಯನ್ನು ಬೇಗ ಮಾತಾಡಿಸುವುದು ಸಣ್ಣ ಕೆಲಸವಲ್ಲ.

ಸಿಮ್ ಹಾಕುವ ಕೆಲಸವನ್ನು ಗುಡ್ಡ ಹತ್ತಿದ ಮೇಲಲ್ಲ, ಹತ್ತುವ ಮೊದಲೇ ಮುಗಿಸಬೇಕು. ಮನೆಯ ಮೇಜಿನ ಮೇಲೆ ಉಪಕರಣ ಒಮ್ಮೆ ಸಂಪರ್ಕ ಪಡೆದಿದ್ದರೆ, ಮುಂದೆ ಬರುವ ತೊಂದರೆಗಳಲ್ಲಿ ಅರ್ಧದಷ್ಟನ್ನು ಯೋಚಿಸದೆಯೇ ಬಿಡಬಹುದು. ಮೊದಲು ಗಾತ್ರ ನೋಡಬೇಕು. ಹಳೆಯ ಕೈಗಾರಿಕಾ ಮೋಡೆಮ್‌ಗಳಲ್ಲಿ ಇಂದಿಗೂ 25×15 ಮಿಲಿಮೀಟರಿನ ಮಿನಿ ಸಿಮ್ ಇದೆ, ಹೊಸವುಗಳಲ್ಲಿ 12.3×8.8 ಮಿಲಿಮೀಟರಿನ ನ್ಯಾನೊ. ನ್ಯಾನೊ ಸಿಮ್ಮನ್ನು ಪ್ಲಾಸ್ಟಿಕ್ ಚೌಕಟ್ಟಿಗೆ ಕೂರಿಸಿ ದೊಡ್ಡ ಕಿಂಡಿಗೆ ತೂರಿಸುವ ರೂಢಿ ಮನೆಯಲ್ಲಿ ನಡೆಯುತ್ತದೆ, ಗುಡ್ಡದಲ್ಲಿ ನಡೆಯದು. ಹಗಲ ಬಿಸಿಲಿಗೆ ಹಿಗ್ಗಿ ರಾತ್ರಿಯ ಚಳಿಗೆ ಕುಗ್ಗುವ ಚೌಕಟ್ಟು ಕ್ರಮೇಣ ಸಡಿಲವಾಗುತ್ತದೆ. ಸಾಮಾನ್ಯ ಫೋನಿನ ಸಿಮ್ ಮೈನಸ್ 25ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವಂತೆ ತಯಾರಾದರೆ, ಕೈಗಾರಿಕಾ ಸಿಮ್ ಮೈನಸ್ 40ರಿಂದ 105ರವರೆಗೆ ತಾಳುತ್ತದೆ. ಬಿಸಿಲಲ್ಲಿ ಕಾಯುವ ಮುಚ್ಚಿದ ಪೆಟ್ಟಿಗೆಗೆ ಎರಡನೆಯದೇ ಸರಿ.

ವಿದ್ಯುತ್ ಪೂರ್ತಿ ಆರಿಸಿದ ಮೇಲೆಯೇ ಸಿಮ್ ಹಾಕಬೇಕು ಅಥವಾ ತೆಗೆಯಬೇಕು. ಚಿನ್ನದ ಬಣ್ಣದ ಮೈ ಯಾವ ಕಡೆಗಿರಬೇಕು, ಕತ್ತರಿಸಿದ ಮೂಲೆ ಎತ್ತ ಬರಬೇಕು ಎಂಬುದು ಕಿಂಡಿಯ ಪಕ್ಕದ ಚಿತ್ರದಲ್ಲಿ ಇರುತ್ತದೆ. ‘ಟಕ್’ ಎಂದು ಕೂತಿತೆಂಬುದು ಬೆರಳಿಗೆ ಗೊತ್ತಾಗಬೇಕು. ಹಾಕುವ ಮುನ್ನ ಸಿಮ್ಮಿನ ಮೇಲಿನ ಉದ್ದನೆಯ ಸಂಖ್ಯೆಯನ್ನು ಬರೆದುಕೊಳ್ಳಬೇಕು. 89 ಎಂಬುದು ದೂರಸಂಪರ್ಕದ ಗುರುತು, ಮುಂದಿನದು ದೇಶದ್ದು: ಅಮೆರಿಕದ ಸಿಮ್ 8901ರಿಂದ ಶುರುವಾದರೆ ಭಾರತದ್ದು 8991ರಿಂದ. ಮೋಡೆಮ್ಮಿನ 15 ಅಂಕಿಯ ಐಎಂಇಐ ಸಂಖ್ಯೆಯೂ ಕೈಯಲ್ಲಿರಬೇಕು. ಯಂತ್ರಗಳಿಗೆಂದೇ ಕೊಡುವ ಅನೇಕ ಯೋಜನೆಗಳಲ್ಲಿ ಸಿಮ್ಮನ್ನು ಒಂದೇ ಐಎಂಇಐಗೆ ಗಂಟುಹಾಕಿರುತ್ತಾರೆ. ಸಿಮ್ ಸರಿಯಿದೆಯೇ ಎಂದು ನೋಡಲು ಅದನ್ನು ತೆಗೆದು ಫೋನಿಗೆ ಹಾಕಿದರೆ, ಸರಿಯಿದ್ದ ಸಿಮ್ಮೂ ಸ್ಥಗಿತವಾಗಬಹುದು. ಪಿನ್ ಇರುವ ಸಿಮ್ಮಿಗೆ ಮೂರು ಸಲ ತಪ್ಪು ಅಂಕಿ ಕೊಟ್ಟರೆ ಬೀಗ ಬೀಳುತ್ತದೆ. ಬೀಗ ತೆರೆಯುವ ಪಿಯುಕೆ ಸಂಖ್ಯೆಯನ್ನು ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ಬಳಕೆಗೆ ಬಾರದು. ಪಿನ್ ತೆಗೆದೇ ಪೆಟ್ಟಿಗೆಗೆ ಹಾಕುವುದು ಲೇಸು.

ಇನ್ನು ಎಪಿಎನ್. ಉಪಕರಣ ಮೊಬೈಲ್ ಜಾಲವನ್ನು ದಾಟಿ ಇಂಟರ್ನೆಟ್ಟಿಗೆ ಯಾವ ಬಾಗಿಲಿನಿಂದ ಹೋಗಬೇಕೆಂದು ಹೇಳುವ ಹೆಸರಿದು. ಫೋನಿನಲ್ಲಿ ತಾನಾಗಿಯೇ ತುಂಬಿಕೊಳ್ಳುವುದರಿಂದ ಜನ ಇದನ್ನು ಮರೆತೇ ಇರುತ್ತಾರೆ. ಉಪಕರಣದಲ್ಲಿ ಕೈಯಾರೆ ಬರೆಯಬೇಕಾಗುವುದುಂಟು. ಸಿಗ್ನಲ್ ಚೆನ್ನಾಗಿದ್ದು, ಟವರ್ ಒಪ್ಪಿಕೊಂಡಿದ್ದರೂ ಒಂದೇ ಒಂದು ಅಳತೆ ಹೊರಗೆ ಹೋಗದಿದ್ದರೆ, ಒಂದಕ್ಷರ ತಪ್ಪಿದ ಎಪಿಎನ್ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಪೆಟ್ಟಿಗೆ ಮೌನವಾದಾಗ ಮೊದಲು ಬೈಗುಳ ತಿನ್ನುವುದು ಸಿಮ್. ಆದರೆ ಅದು ಕೆಡುವುದು ಅಪರೂಪ. ಹುಡುಕಾಟ ಬ್ಯಾಟರಿಯಿಂದ ಶುರುವಾಗಬೇಕು. ಸುಮ್ಮನಿದ್ದಾಗ ಸರಿಯಾದ ವೋಲ್ಟೇಜ್ ತೋರಿಸುವ ಮುದಿ ಬ್ಯಾಟರಿ, ಮೋಡೆಮ್ ಮಾತಾಡಲು ಹೊರಟ ಕ್ಷಣದಲ್ಲಿ ಕುಸಿಯುತ್ತದೆ. ಮೋಡೆಮ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಇದೇ ಸುತ್ತು ದಿನವಿಡೀ ನಡೆಯುತ್ತದೆ. ಬೇ ಏರಿಯಾದಲ್ಲಿ ಇದಕ್ಕೊಂದು ವಿಚಿತ್ರ ಕಾರಣವಿದೆ. ಪೆಸಿಫಿಕಾ, ಹಾಫ್ ಮೂನ್ ಬೇಗಳಂಥ ಕರಾವಳಿಯಲ್ಲಿ ನಡುಬೇಸಿಗೆಯಲ್ಲೇ ಸಮುದ್ರದ ಮಂಜು ದಿನಗಟ್ಟಲೆ ಕವಿದಿರುತ್ತದೆ. ವರ್ಷದ ಅತಿ ಉದ್ದದ ಹಗಲುಗಳಲ್ಲೇ ಸೋಲಾರ್ ಫಲಕಕ್ಕೆ ಬಿಸಿಲಿನ ಬರ. ಒಳನಾಡಿನ ಲೆಕ್ಕ ಹಿಡಿದು ಫಲಕ ಹಾಕಿದವರು ಇಲ್ಲಿ ಸೋಲುತ್ತಾರೆ.

ಬ್ಯಾಟರಿ ಸರಿಯಿದ್ದರೆ ಮೋಡೆಮ್ಮನ್ನೇ ಕೇಳಬೇಕು. ಲ್ಯಾಪ್‌ಟಾಪ್ ಜೋಡಿಸಿ ಜಾಲದ ನೋಂದಣಿಯ ಸ್ಥಿತಿ ವಿಚಾರಿಸಿದರೆ ಅದು ಒಂದಂಕಿಯಲ್ಲಿ ಉತ್ತರಿಸುತ್ತದೆ. 1 ಎಂದರೆ ಸ್ವಂತ ಜಾಲ ಸಿಕ್ಕಿದೆ, 5 ಎಂದರೆ ರೋಮಿಂಗ್‌ನಲ್ಲಿದೆ, 2 ಎಂದರೆ ಇನ್ನೂ ಹುಡುಕುತ್ತಿದೆ, 3 ಎಂದರೆ ಟವರ್ ನಿರಾಕರಿಸಿದೆ. ಕೊನೆಯ ಎರಡರ ನಡುವಿನ ವ್ಯತ್ಯಾಸ ಇಡೀ ದಿನದ ಶ್ರಮ ಉಳಿಸುತ್ತದೆ. 2 ಬಂದರೆ ಆಂಟೆನಾ, ತಂತಿ, ಜಾಗದ ಕಡೆ ನೋಡಬೇಕು. 3 ಬಂದರೆ ಆಂಟೆನಾ ಎಷ್ಟು ತಿರುಗಿಸಿದರೂ ಫಲವಿಲ್ಲ. ಬಾಕಿ ಬಿಲ್ಲು, ಚಾಲೂ ಆಗದ ಸಿಮ್, ಹೊಂದದ ಐಎಂಇಐ ಇವನ್ನು ಕಂಪನಿಯೊಂದಿಗೆ ಫೋನಿನಲ್ಲೇ ಬಗೆಹರಿಸಬೇಕು. ಒಮ್ಮೆ ನಿರಾಕರಿಸಿದ ಜಾಲದ ಹೆಸರನ್ನು ಸಿಮ್ ತನ್ನೊಳಗೆ ನಿಷೇಧದ ಪಟ್ಟಿಗೆ ಸೇರಿಸಿಕೊಳ್ಳುವುದೂ ಉಂಟು. ಬಿಲ್ಲು ಕಟ್ಟಿದ ಮೇಲೂ ಉಪಕರಣ ಆ ಜಾಲದತ್ತ ತಿರುಗಿ ನೋಡದಿದ್ದರೆ ಆ ಪಟ್ಟಿಯನ್ನು ಅಳಿಸಬೇಕು.

ಸಿಗ್ನಲ್ಲನ್ನು ಕಡ್ಡಿಗಳಲ್ಲಿ ಎಣಿಸುವುದು ಫೋನಿಗೆ ಸಾಕು, ಇಲ್ಲಿ ಅಂಕಿ ಬೇಕು. ಎಲ್‌ಟಿಇ (4ಜಿ) ಜಾಲದಲ್ಲಿ ಸಿಗ್ನಲ್ ಬಲ ಮೈನಸ್ 90 ಡಿಬಿಎಂ ಆಸುಪಾಸಿನಲ್ಲಿದ್ದರೆ ಚೆನ್ನ, ಮೈನಸ್ 110 ದಾಟಿ ಕೆಳಗಿಳಿದರೆ ಕಷ್ಟ, ಮೈನಸ್ 120 ಎಂದರೆ ಇಲ್ಲವೆಂದೇ ಲೆಕ್ಕ. ಸಾಂಟಾ ಕ್ರೂಜ್ ಬೆಟ್ಟಸಾಲಿನ ಲಾ ಹೋಂಡಾದಂಥ ಕಣಿವೆಯಲ್ಲಿ ಏಣು ಟವರನ್ನು ಮರೆಮಾಡುತ್ತದೆ, ಒದ್ದೆಯಾದ ರೆಡ್‌ವುಡ್ ಮರಗಳು ಉಳಿದ ಸಿಗ್ನಲ್ಲನ್ನು ಹೀರುತ್ತವೆ. ಆದರೆ ಎತ್ತರವೊಂದೇ ಮದ್ದಲ್ಲ. 1,173 ಮೀಟರ್ ಎತ್ತರದ ಮೌಂಟ್ ಡಯಾಬ್ಲೊದಂಥ ಶಿಖರಕ್ಕೆ ಹತ್ತಾರು ಟವರ್‌ಗಳು ಒಮ್ಮೆಗೇ ಕಾಣುತ್ತವೆ. ಬಲ ಚೆನ್ನಾಗಿದ್ದರೂ ಸಂತೆಯ ಗದ್ದಲದಲ್ಲಿ ಒಬ್ಬರ ಮಾತು ಹಿಡಿದಂತೆ ಉಪಕರಣ ತಡವರಿಸುತ್ತದೆ. ಅಂಥ ಕಡೆ ಒಂದೇ ದಿಕ್ಕಿಗೆ ಕಿವಿಗೊಡುವ ಆಂಟೆನಾ ಬೇಕು. ಆಂಟೆನಾ ತಂತಿ ಉದ್ದವಾದಷ್ಟೂ ನಷ್ಟ, ಅದರ ಕೀಲಿಗೆ ಕರಾವಳಿಯ ಉಪ್ಪುಗಾಳಿ ಶತ್ರು. ಜಿಪಿಎಸ್ ಕಿಂಡಿಗೆ ಮೊಬೈಲ್ ಆಂಟೆನಾ ಸಿಕ್ಕಿಸಿಬಿಡುವ ತಪ್ಪು ಅನುಭವಿಗಳಿಂದಲೂ ಆಗುತ್ತದೆ.

ಉಪಕರಣದಲ್ಲಿ ಯಾವ ದೋಷವೂ ಇಲ್ಲದೆ ಸಂಪರ್ಕ ಹೋಗುವುದೂ ಉಂಟು. 2022ರ ಫೆಬ್ರುವರಿ 22ರಂದು ಎಟಿ ಅಂಡ್ ಟಿ ಅಮೆರಿಕದಲ್ಲಿ ತನ್ನ 3ಜಿ ಜಾಲವನ್ನು ಮುಚ್ಚಲು ತೊಡಗಿತು. ಟಿ-ಮೊಬೈಲ್ ಮತ್ತು ವೆರೈಝನ್ ಅದೇ ವರ್ಷ ಹಿಂಬಾಲಿಸಿದವು. ಬೆಂಕಿಯ ಎಚ್ಚರಿಕೆ ಗಂಟೆ, ವೃದ್ಧರ ಕೊರಳಿನ ತುರ್ತು ಗುಂಡಿ, ನೀರಿನ ಮಾಪಕ, ಹೀಗೆ 3ಜಿ ಮೋಡೆಮ್ ಇದ್ದ ಯಾವುದಕ್ಕೂ ಸಿಮ್ ಬದಲಿಸಿ ಪ್ರಯೋಜನವಿರಲಿಲ್ಲ, ಮೋಡೆಮ್ಮೇ ಬದಲಾಗಬೇಕಾಯಿತು. ಹಳೆಯ ಉಪಕರಣ ಕೊಳ್ಳುವವರು ಅದು ಯಾವ ಜಾಲ, ಯಾವ ಬ್ಯಾಂಡ್ ಬಲ್ಲದು ಎಂದು ಕೇಳದೆ ಹಣ ಕೊಡಬಾರದು.

ಎಲ್ಲಕ್ಕಿಂತ ಗಂಭೀರವಾದುದು ಟವರೇ ಸಾಯುವುದು. 2019ರ ಅಕ್ಟೋಬರ್ ಕೊನೆಯಲ್ಲಿ ಬಿರುಗಾಳಿಗೆ ಹೆದರಿ ವಿದ್ಯುತ್ ನಿಲ್ಲಿಸಿದಾಗ, ಗೋಲ್ಡನ್ ಗೇಟ್ ಸೇತುವೆಯಾಚೆಯ ಮರಿನ್ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಟವರ್‌ಗಳು ಮೌನವಾದವು. ಬೆಂಕಿಯ ಸುಳಿವು ತೀರ ಬೇಕಾಗಿದ್ದ ಹೊತ್ತಿನಲ್ಲೇ ಹೀಗಾಯಿತು. ಬೆಂಕಿಯ ಅಪಾಯ ಹೆಚ್ಚಿರುವ ವಲಯಗಳ ಟವರ್‌ಗಳಿಗೆ 72 ಗಂಟೆಗಳ ಬದಲಿ ವಿದ್ಯುತ್ ಇರಲೇಬೇಕೆಂದು ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸೇವಾ ಆಯೋಗ 2020ರ ಜುಲೈನಲ್ಲಿ ವಿಧಿಸಿತು. ಅದು ಸರಿಯಾದ ನಿರ್ಧಾರ, ಆದರೂ ಅದೊಂದನ್ನೇ ನಂಬಿ ಕೂರುವಂತಿಲ್ಲ. ಸಂಪರ್ಕವಿಲ್ಲದ ದಿನಗಳ ಅಳತೆಯನ್ನು ತನ್ನೊಳಗೇ ಕೂಡಿಟ್ಟು, ಟವರ್ ಮರಳಿದಾಗ ಒಟ್ಟಿಗೆ ಕಳಿಸುವ ಉಪಕರಣವನ್ನೇ ಆರಿಸಬೇಕು. ತಡೆಯೇ ಕೂಡದ ಕಡೆ ಎರಡು ಕಂಪನಿಗಳ ಸಿಮ್ ಅಥವಾ ಉಪಗ್ರಹದ ಸಂಪರ್ಕ ಬೇಕಾಗುತ್ತದೆ.

ರಿಪೇರಿ ಮುಗಿಸಿ ಪೆಟ್ಟಿಗೆ ಮುಚ್ಚುವ ಮುನ್ನ ಸಿಮ್ ಸಂಖ್ಯೆ, ಐಎಂಇಐ, ಎಪಿಎನ್, ಆ ದಿನದ ಸಿಗ್ನಲ್ ಅಂಕಿ, ಬ್ಯಾಟರಿ ಹಾಕಿದ ತಾರೀಕು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ. ಮುಂದಿನ ಸಲ ಗುಡ್ಡ ಹತ್ತಿ ಬರುವವರು ಬೇರೆಯವರಾಗಿರಬಹುದು.