ಹೊಟ್ಟೆಯ ಕಿಚ್ಚು

ಶಹಾಬಾದದ ಹಾಸುಗಲ್ಲಿನ ಮೇಲೆ ನಿಂಬೆಯ ರಸ ಬಿದ್ದರೆ ಸಣ್ಣಗೆ ನೊರೆಯೇಳುತ್ತದೆ. ಒರೆಸಿದ ಮೇಲೂ ಹೊಳಪುಗುಂದಿದ ಕಲೆ ಉಳಿಯುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳ ಮನೆಗಳಲ್ಲಿ ಇದನ್ನು ಕಾಣದವರು ವಿರಳ. ಸುಣ್ಣಗಲ್ಲು ಆಮ್ಲವನ್ನು ತಣಿಸುವ ಬಗೆ ಅದು. ನಮ್ಮ ಜಠರದಲ್ಲಿ ಬಿಡಾರ ಹೂಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಸೂಕ್ಷ್ಮಾಣುವೂ ಬೇರೊಂದು ಉಪಾಯದಿಂದ ಇದನ್ನೇ ಸಾಧಿಸುತ್ತದೆ. ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು, ಅಮೋನಿಯವನ್ನು ಸುತ್ತ ಹರಡಿಕೊಂಡು, ಲೋಳೆಯ ಹೊದಿಕೆಯೊಳಗೆ ನುಸುಳಿ ನೆಲೆಸುತ್ತದೆ.

ಇದನ್ನು 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಬೆಳೆಸಿ ತೋರಿಸಿದರು. ಪಂಡಿತರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು! ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದದ್ದು 2005ರಲ್ಲಿ.

ಕನ್ನಡದ ಮೇಷ್ಟ್ರಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಕಥೆ. ಆ ಉರಿಯನ್ನು ಹೊತ್ತಿಸುವವು ಬಹುಮಟ್ಟಿಗೆ ನಮ್ಮ ಜೀವಕೋಶಗಳೇ. ಈ ಸೂಕ್ಷ್ಮಾಣುವಿನ ಕೆಲವು ತಳಿಗಳಲ್ಲಿ ಸೂಜಿಯಂಥ ಒಂದು ಸಾಧನ ಉಂಟು. ಅದರ ಮೂಲಕ ಕ್ಯಾಗ್‌-ಎ ಎಂಬ ಪ್ರೋಟೀನೂ ಸೂಕ್ಷ್ಮಾಣುವಿನ ಗೋಡೆಯ ಚೂರುಗಳೂ ಜಠರದ ಕೋಶದೊಳಕ್ಕೆ ಸೇರುತ್ತವೆ. ನಾಡ್‌-1 ಎಂಬ ಒಳಗಾವಲುಗಾರ ಆ ಚೂರುಗಳ ಗುರುತು ಹಿಡಿಯುತ್ತಾನೆ. ಆವರೆಗೆ ಇನ್ನೊಂದು ಪ್ರೋಟೀನಿನ ಕಟ್ಟಿನಲ್ಲಿದ್ದ ಎನ್‌ಎಫ್‌-ಕಪ್ಪ-ಬಿ ಬಿಡುಗಡೆಗೊಂಡು, ಕೋಶಕೇಂದ್ರವನ್ನು ಹೊಕ್ಕು, ಸುಮ್ಮನಿದ್ದ ರಕ್ಷಣೆಯ ಜೀನುಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ದನಿ ದೊಡ್ಡದು ಇಂಟರ್‌ಲ್ಯೂಕಿನ್‌-8ರದು. ಅದರ ಕರೆಗೆ ರಕ್ತದಿಂದ ಬಿಳಿಯ ಕಣಗಳು ದಂಡುಗಟ್ಟಿ ಬರುತ್ತವೆ. ಬಂದು ಮಾಡುವುದೇನು? ಹಗೆ ಲೋಳೆಯಲ್ಲಿ ಮರೆಯಾಗಿರುತ್ತದೆ. ಬೇಯುವುದು ನಮ್ಮದೇ ಒಳಪದರ. ಚಿಕಿತ್ಸೆಯಾಗದಿದ್ದರೆ ಈ ಕೂಗಾಟ ದಶಕಗಟ್ಟಲೆ ನಡೆಯುತ್ತದೆ. ಮತ್ಸರಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಟ್ಟ ನಮ್ಮ ಹಿರಿಯರಿಗೆ ಈ ಸಂಗತಿ ತಿಳಿದಿರಲಾರದು. ಮಾತು ಮಾತ್ರ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಹೊಟ್ಟೆ ಉರಿದರೆ ನಮ್ಮ ಕಡೆ ಮೊದಲು ಬೈಗುಳ ತಿನ್ನುವುದು ಕೆಂಪು ಮೆಣಸಿನಕಾಯಿ. ಆಮೇಲೆ ಸೋಡಾ, ಅಂಗಡಿಯ ಗುಳಿಗೆ. ಗುಳಿಗೆ ಆಮ್ಲವನ್ನು ತಗ್ಗಿಸೀತು, ಒಳಗಿನ ಒಕ್ಕಲನ್ನು ಎಬ್ಬಿಸದು. ಬಾಲ್ಯದಲ್ಲೇ, ಹೆಚ್ಚಾಗಿ ಮನೆಯವರಿಂದಲೇ ಅಂಟುವ ಈ ಸೋಂಕು ಬಹುಮಂದಿಗೆ ತೊಂದರೆ ಕೊಡುವುದಿಲ್ಲ, ನಿಜ. ಆದರೆ ಕೆಲವರಲ್ಲಿ ಹುಣ್ಣು, ಇನ್ನೂ ಕೆಲವರಲ್ಲಿ ಎಷ್ಟೋ ವರ್ಷಗಳ ಬಳಿಕ ಅರ್ಬುದ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಅರ್ಬುದಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿತು.

ಉರಿ ಬಿಡದೆ ಕಾಡುತ್ತಿದ್ದರೆ ವೈದ್ಯರನ್ನು ಪರೀಕ್ಷೆಗಾಗಿ ಕೇಳಬೇಕು. ಉಸಿರಿನ ಪರೀಕ್ಷೆಯೊಂದಿದೆ, ಸೂಕ್ಷ್ಮಾಣುವನ್ನು ಕಾಯ್ದ ಯೂರಿಯೇಸೇ ಅಲ್ಲಿ ಅದರ ಗುಟ್ಟು ಬಿಟ್ಟುಕೊಡುತ್ತದೆ. ಎರಡು ಮೂರು ಪ್ರತಿಜೈವಿಕಗಳನ್ನು ಆಮ್ಲ ತಗ್ಗಿಸುವ ಮದ್ದಿನೊಡನೆ ಸಾಮಾನ್ಯವಾಗಿ 10ರಿಂದ 14 ದಿನ ಕೊಡುತ್ತಾರೆ. ಉರಿ ತಣಿಯಿತೆಂದು ನಡುವೆ ಬಿಟ್ಟರೆ ಉಳಿದವು ಮತ್ತೆ ಬೆಳೆಯುತ್ತವೆ. ಮದ್ದು ಮುಗಿದು ಕನಿಷ್ಠ ನಾಲ್ಕು ವಾರ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರೆ, ಅದು ಬಿಡಾರ ಕಿತ್ತಿತೋ ಇಲ್ಲವೋ ತಿಳಿಯುತ್ತದೆ.